ಮೂವತ್ತರ ಮೇಲೆ ಮೊದಲ ಪಾಠ

1905ನೆಯ ಇಸವಿ ಅಕ್ಟೋಬರ್ 13, ಶುಕ್ರವಾರ. ಪ್ಯಾರಿಸ್ ನಗರದ ರಾಜಬೀದಿಯೊಂದರ ಅಂಚೆಪೆಟ್ಟಿಗೆಗೆ ಆಲ್ಬರ್ಟ್ ಶ್ವೈಟ್ಜರ್ ಕೆಲವು ಕಾಗದಗಳನ್ನು ಹಾಕಿದರು. ತಂದೆತಾಯಿಗಳಿಗೂ ಆಪ್ತಮಿತ್ರರಿಗೂ ಅವುಗಳಲ್ಲಿ ತಿಳಿಸಿದ್ದ ಸಂಗತಿ ಒಂದೇ: ಬರುವ ಚಳಿಗಾಲದಿಂದ ತಾವು ವೈದ್ಯ ವಿದ್ಯಾರ್ಥಿ, ಓದು ಮುಗಿದ ಮೇಲೆ ಆಫ್ರಿಕಕ್ಕೆ ಪ್ರಯಾಣ.

ಕಾಗದ ಬರೆದವರು ಅಲೆಮಾರಿ ಯುವಕರೇನೂ ಅಲ್ಲ. ವಯಸ್ಸು ಮೂವತ್ತು ದಾಟಿತ್ತು. ತತ್ತ್ವಶಾಸ್ತ್ರದಲ್ಲಿ ಡಾಕ್ಟರ್ ಪದವಿ, ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರದ ಬೋಧನೆ, ಅಲ್ಲಿನ ಧಾರ್ಮಿಕ ವಿದ್ಯಾಲಯದ ಪ್ರಾಂಶುಪಾಲ ಪದವಿ, ಆರ್ಗನ್ ವಾದನದಲ್ಲಿ ಯೂರೋಪು ಮೆಚ್ಚಿದ ಕೀರ್ತಿ, ಇವೆಲ್ಲವೂ ಅವರಿಗೆ ಒದಗಿದ್ದವು. ಅಂಥವರು ಎಲುಬುಗಳ ಹೆಸರನ್ನು ಉರುಹೊಡೆಯಲು ಕೂರುವುದೆಂದರೆ ಬಂಧುಮಿತ್ರರಿಗೆ ಹೇಗಾಗಿರಬೇಡ! ಸಂಗೀತಗುರು ವೀಡೋರ್ ಅವರಂತೂ, ಸೇನಾಪತಿಯೇ ಬಂದೂಕು ಹಿಡಿದು ಸಿಪಾಯಿಗಳ ಸಾಲಿಗೆ ನುಗ್ಗಿದಂತಾಯಿತೆಂದು ಗದರಿಸಿದರು. ಆಫ್ರಿಕದ ರೋಗಿಗಳ ಪರವಾಗಿ ಊರೂರಿನಲ್ಲಿ ಉಪನ್ಯಾಸ ಮಾಡಿದರೆ ಇದಕ್ಕಿಂತ ಹೆಚ್ಚಿನ ಉಪಕಾರವಾದೀತೆಂದು ಮಹಿಳೆಯೊಬ್ಬರು ವಾದಿಸಿದರು. ಹೆಸರು ನೋಂದಾಯಿಸಲು ಹೋದಾಗ ವೈದ್ಯವಿಭಾಗದ ಮುಖ್ಯರಿಗೆ ತಮ್ಮನ್ನು ಮನೋರೋಗತಜ್ಞರಿಗೆ ಒಪ್ಪಿಸಿಬಿಡುವ ಮನಸ್ಸಾಗಿದ್ದೀತೆಂದು ಶ್ವೈಟ್ಜರ್ ಆತ್ಮಕಥೆಯಲ್ಲಿ ಹಾಸ್ಯವಾಗಿ ಹೇಳಿಕೊಂಡಿದ್ದಾರೆ.

ನಿಯಮದ ತೊಡಕೂ ಎದುರಾಯಿತು. ಅಧ್ಯಾಪಕನಾದವನು ಅದೇ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗುವಂತಿರಲಿಲ್ಲ. ವಿದ್ಯಾರ್ಥಿಯಲ್ಲದವನು ಪರೀಕ್ಷೆಗೆ ಕೂರುವಂತಿರಲಿಲ್ಲ. ಕೊನೆಗೆ, ಪಾಠಕ್ಕೆ ಹಾಜರಾದುದಕ್ಕೆ ಪ್ರಾಧ್ಯಾಪಕರಿಂದ ಪ್ರಮಾಣಪತ್ರ ತಂದರೆ ಪರೀಕ್ಷೆಗೆ ಕೂರಿಸಬಹುದೆಂದು ಸರಕಾರ ಅಪ್ಪಣೆಯಿತ್ತಿತು. ಸಹೋದ್ಯೋಗಿ ಎಂಬ ಗೌರವದಿಂದ ಪ್ರಾಧ್ಯಾಪಕರು ಶುಲ್ಕವನ್ನು ಬಿಟ್ಟುಕೊಟ್ಟರು. ಅಕ್ಟೋಬರ್ ಕೊನೆಯಲ್ಲಿ, ದಟ್ಟವಾಗಿ ಮಂಜು ಕವಿದಿದ್ದ ಒಂದು ದಿನ, ಶ್ವೈಟ್ಜರ್ ಅಂಗರಚನಾಶಾಸ್ತ್ರದ ಮೊದಲ ಪಾಠಕ್ಕೆ ಹೊರಟರು.

ರೋಗಿಯ ನಾಡಿ ಹಿಡಿಯುವ ದಿನ ಇನ್ನೂ ಬಹು ದೂರ. ಅದಕ್ಕೆ ಮೊದಲು ರಸಾಯನಶಾಸ್ತ್ರ, ಭೌತಶಾಸ್ತ್ರ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಶರೀರಕ್ರಿಯಾಶಾಸ್ತ್ರ. ಇವೆಲ್ಲಕ್ಕೂ ಸೇರಿ ಒಂದು ಪೂರ್ವಸಿದ್ಧತೆಯ ಪರೀಕ್ಷೆ. ತಡವಾಗಿ ವೈದ್ಯಕೀಯಕ್ಕೆ ಬಂದವರು ನಿಜವಾಗಿ ಎಡವುವುದು ಇಲ್ಲಿಯೇ. ತತ್ತ್ವಜ್ಞಾನದಲ್ಲಿ ವಾದಕ್ಕೆ ವಾದ ಹೂಡಿ ಗೆಲ್ಲಬಹುದು. ಆಮ್ಲ ಕ್ಷಾರಗಳ ಮುಂದೆ ಆ ಜಾಣತನ ನಡೆಯದು. ಶ್ವೈಟ್ಜರರಿಗಾದರೋ ಈ ಮಾರ್ಪಾಟೇ ಹಿತವಾಯಿತು. ಊಹೆಯ ಲೋಕದಿಂದ ಗಟ್ಟಿನೆಲಕ್ಕೆ ಇಳಿದಂತೆ ಅವರು ವಿಜ್ಞಾನದ ಪಾಠಗಳಲ್ಲಿ ಮುಳುಗಿದರು.

ಆದರೆ ಜ್ಞಾಪಕಶಕ್ತಿ ಇಪ್ಪತ್ತರ ಹುಡುಗನದಾಗಿರಲಿಲ್ಲ. ಪ್ರಾಂಶುಪಾಲ ಪದವಿಯನ್ನು ಬಿಟ್ಟರೂ ಬೋಧನೆ, ಬರವಣಿಗೆ, ಭಾನುವಾರದ ಪ್ರವಚನ, ಪ್ಯಾರಿಸ್ಸಿನ ಕಚೇರಿಗಳು ನಿಂತಿರಲಿಲ್ಲ. ಜೊತೆಗೆ ಅವರದೊಂದು ಹಠ: ಓದಿದರೆ ವಿಜ್ಞಾನಕ್ಕಾಗಿ ಓದಬೇಕು, ಪರೀಕ್ಷೆಗಾಗಿ ಅಲ್ಲ. ದಿನ ಹತ್ತಿರ ಬಂದಾಗ ಸಹಪಾಠಿಗಳು ಬಲವಂತದಿಂದ ಅವರನ್ನು ತಮ್ಮ ಕಂಠಪಾಠದ ಕೂಟಕ್ಕೆ ಸೇರಿಸಿಕೊಂಡರು. ಯಾವ ಪರೀಕ್ಷಕರು ಯಾವ ಪ್ರಶ್ನೆ ಕೇಳುತ್ತಾರೆ, ಎಂಥ ಉತ್ತರ ಅವರಿಗೆ ಹಿಡಿಸುತ್ತದೆ ಎಂಬುದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಕೂಟವದು. ನಮ್ಮ ಊರುಗಳ ಕೋಚಿಂಗ್ ತರಗತಿಗಳನ್ನು ಹಳಿಯುವ ಹಿರಿಯರು ಇದನ್ನು ಗಮನಿಸಬೇಕು; ಧರ್ಮಶಾಸ್ತ್ರದ ಆಚಾರ್ಯರನ್ನೂ ದಡ ಮುಟ್ಟಿಸಿದ್ದು ಅಂಥದೇ ತರಬೇತಿ. 1908ರ ಮೇ ತಿಂಗಳಲ್ಲಿ ಆ ಪರೀಕ್ಷೆ ಮುಗಿಯಿತು. ಫಲಿತಾಂಶ ನಿರೀಕ್ಷೆಗಿಂತ ಚೆನ್ನಾಗಿತ್ತು. ಆದರೆ ಆ ದಿನಗಳಂಥ ಬಳಲಿಕೆಯನ್ನು ತಾವು ಬಾಳಿನಲ್ಲಿ ಮತ್ತೆಂದೂ ಕಾಣಲಿಲ್ಲವೆಂದು ಅವರೇ ಬರೆದಿದ್ದಾರೆ.

ಮುಂದಿನ ಆಸ್ಪತ್ರೆಯ ವರ್ಷಗಳು ಅಷ್ಟು ಭಾರವೆನಿಸಲಿಲ್ಲ. ಕೊನೆಯ ಪರೀಕ್ಷೆಯ ಶುಲ್ಕಕ್ಕೆ ಮ್ಯೂನಿಕ್ ನಗರದ ಸಂಗೀತೋತ್ಸವದಲ್ಲಿ ಆರ್ಗನ್ ನುಡಿಸಿ ಹಣ ಸಂಪಾದಿಸಿದರು. ನುಡಿಸಿದ್ದು, ಗದರಿಸಿದ ವೀಡೋರ್ ಅವರದೇ ಕೃತಿಯನ್ನು! ದಾದಿಯ ತರಬೇತಿ ಪಡೆದ ಪತ್ನಿ ಹೆಲೆನ್ ಅವರೊಡನೆ 1913ರಲ್ಲಿ ಲಾಂಬರೆನೆಗೆ ಬಂದಿಳಿದಾಗ ಅವರಿಗೆ ಮೂವತ್ತೆಂಟು. ಹಳೆಯ ಕೋಳಿಗೂಡೊಂದನ್ನು ಶುಚಿಮಾಡಿ ಚಿಕಿತ್ಸೆ ಆರಂಭಿಸಿದರು. ಆಫ್ರಿಕದ ಜನರ ವಿಷಯದಲ್ಲಿ ಅವರು ತೋರಿದ ಹಿರಿಯಣ್ಣನ ಧೋರಣೆ ಇಂದಿನವರಿಗೆ ಒಪ್ಪಿಗೆಯಾಗದು. ಆ ಚರ್ಚೆ ಬೇರೆ.

ಮಹಾಪುರುಷರ ಮಾತು ಬಿಡಿ, ಸಂಸಾರಸ್ಥರ ಪಾಡೇನು ಎಂದು ಗೃಹಿಣಿಯರು ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. ಭಾರತದಲ್ಲಿ ನೀಟ್ ಪರೀಕ್ಷೆಗೆ ಇದ್ದ ವಯಸ್ಸಿನ ಮೇಲ್ಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತೆಗೆದುಹಾಕಿತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರು ಅದನ್ನು ಅನಂತರ ಹೆಚ್ಚುವರಿ ವಿಷಯವಾಗಿ ಮುಗಿಸಿ ಬರಬಹುದೆಂದು 2023ರಲ್ಲಿ ಸಾರಿತು. ಬಾಗಿಲೇನೋ ತೆರೆಯಿತು. ಆದರೆ ಸಿದ್ಧತೆಗೆ ಒಂದೆರಡು ವರ್ಷ, ಎಂ.ಬಿ.ಬಿ.ಎಸ್.ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ತಜ್ಞರಾಗಬೇಕೆಂದರೆ ಮತ್ತೆ ಮೂರು ವರ್ಷ. ಮೂವತ್ತೈದರಲ್ಲಿ ಸಂಕಲ್ಪ ಮಾಡಿದವರು ನಲವತ್ತೆರಡರ ಸುಮಾರಿಗೆ ವೈದ್ಯರಾದಾರು. ಅಷ್ಟು ಕಾಲ ಮನೆಯ ಬಾಡಿಗೆ ಕಟ್ಟುವವರು ಯಾರು, ಮಕ್ಕಳ ಶಾಲೆಯ ಖರ್ಚು ಯಾರದು? ಗಂಡಹೆಂಡಿರು ಕೂತು ಮಾತಾಡಿ ತೀರ್ಮಾನಿಸದೆ ಈ ಹಾದಿಗೆ ಕಾಲಿಡುವುದು ಅವಿವೇಕ.

ಲಂಡನ್ನಿನ ಸಿಸಿಲಿ ಸಾಂಡರ್ಸ್ ಅವರಿಗೆ ಸಂಸಾರದ ಹೊಣೆ ಇರಲಿಲ್ಲ. ಹಾದಿ ಮಾತ್ರ ಸುಗಮವಾಗಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿದ್ದ ಆಕೆ ಯುದ್ಧಕಾಲದಲ್ಲಿ ದಾದಿಯಾದರು. ಬೆನ್ನುನೋವಿನಿಂದ ಆ ಕೆಲಸ ತಪ್ಪಿ, ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಉದ್ಯೋಗಕ್ಕೆ ಸೇರಿದರು. ಅಲ್ಲಿ ಸಾವಿನ ಅಂಚಿನಲ್ಲಿದ್ದ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ನಿರಾಶ್ರಿತನ ಪರಿಚಯವಾಯಿತು. ಸಾಯುವವರು ನೋವಿಲ್ಲದೆ ಕಣ್ಮುಚ್ಚುವಂಥ ಒಂದು ಮನೆಯ ಕನಸನ್ನು ಇಬ್ಬರೂ ಮಾತಿನಲ್ಲಿ ಕಟ್ಟಿದರು. 1948ರಲ್ಲಿ ಆತ ತೀರಿಕೊಂಡಾಗ 500 ಪೌಂಡ್ ಬಿಟ್ಟುಹೋಗಿದ್ದ, ಆ ಮನೆಯಲ್ಲಿ ತಾನೊಂದು ಕಿಟಕಿಯಾಗುವೆನೆಂದು. ದಾದಿಯ ಮಾತನ್ನು ಯಾರೂ ಕೇಳರು, ಸಾಯುವವರನ್ನು ಕೈಬಿಡುತ್ತಿರುವವರು ವೈದ್ಯರೇ, ಆದ್ದರಿಂದ ವೈದ್ಯಳೇ ಆಗು ಎಂದು ಹಿರಿಯ ಶಸ್ತ್ರವೈದ್ಯರೊಬ್ಬರು ಬುದ್ಧಿ ಹೇಳಿದರು. 1951ರಲ್ಲಿ, ಮೂವತ್ಮೂರನೆಯ ವಯಸ್ಸಿನಲ್ಲಿ, ಆಕೆ ತಮಗಿಂತ ಬಹು ಕಿರಿಯರ ನಡುವೆ ಬೆಂಚಿನ ಮೇಲೆ ಕುಳಿತರು, 1957ರಲ್ಲಿ ವೈದ್ಯೆಯಾದರು. ಇನ್ನೂ ಹತ್ತು ವರ್ಷ ಕಳೆದು, 1967ರಲ್ಲಿ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯಿತು. ಟಾಸ್ಮಾನ ಕಿಟಕಿ ಅದರ ಪ್ರವೇಶದ್ವಾರದ ಬಳಿಯಲ್ಲಿದೆ.