ಮರದ ತುಂಡು ಪುಸ್ತಕವಾದ ಬಗೆ

ಇಂಗ್ಲಿಷಿನ ‘ಲಾಗ್’ ಎಂಬ ಮಾತಿಗೆ ನಿಘಂಟಿನಲ್ಲಿ ಮೊದಲು ಕಾಣುವ ಅರ್ಥ ಮರದ ದಿಮ್ಮಿ, ಕೊರಡು ಎಂದು. ಅದರ ಬೆನ್ನಿಗೇ ಹಡಗಿನ ದಿನಚರಿ ಎಂಬ ಅರ್ಥವೂ ಇರುತ್ತದೆ. ಕೊರಡಿಗೂ ದಿನಚರಿಗೂ ಏನು ನಂಟು? ಬೇರೆ ಬೇರೆ ಶಬ್ದಗಳೆರಡು ಅಕಸ್ಮಾತ್ತಾಗಿ ಒಂದೇ ರೂಪವನ್ನು ತಾಳಿರಬೇಕೆಂದು ವಾಚಕರಿಗೆ ತೋರುವುದು ಸಹಜ. ಹಾಗಲ್ಲ; ದಿನಚರಿಯು ಕೊರಡಿನಿಂದಲೇ ಹುಟ್ಟಿತು.

ದಡ ಕಾಣದ ಕಡಲಿನಲ್ಲಿ ಹಡಗು ಎಷ್ಟು ದೂರ ಬಂದಿತೆಂದು ತಿಳಿಯುವುದು ಹೇಗೆ? ನೆಲದ ಮೇಲೆ ಮೈಲಿಗಲ್ಲುಗಳುಂಟು; ನೀರಿನ ಮೇಲೆ ಗುರುತಿಲ್ಲ. ಇದಕ್ಕೆ ಆಂಗ್ಲ ನಾವಿಕರು ಹೂಡಿದ ಉಪಾಯವನ್ನು ವಿಲಿಯಂ ಬೋರ್ನ್ ಎಂಬಾತನು 1574ರಲ್ಲಿ ಅಚ್ಚಾದ ತನ್ನ ನೌಕಾಶಾಸ್ತ್ರದ ಪುಸ್ತಕದಲ್ಲಿ ವಿವರಿಸಿದ್ದಾನೆ. ಹಗ್ಗ ಕಟ್ಟಿದ ಮರದ ತುಂಡೊಂದನ್ನು ಹಡಗಿನ ಹಿಂಭಾಗದಿಂದ ನೀರಿಗೆ ಎಸೆಯುವರು. ತುಂಡು ಬಿದ್ದಲ್ಲಿಯೇ ನಿಲ್ಲುವುದು. ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುವುದು. ಗೊತ್ತಾದ ಕಾಲದಲ್ಲಿ ಎಷ್ಟು ಹಗ್ಗ ಹೋಯಿತೆಂದು ಅಳೆದರೆ ವೇಗ ತಿಳಿಯಿತು. ಆ ತುಂಡಿಗೇ ಲಾಗ್ ಎಂದು ಹೆಸರು.

ಕ್ರಮೇಣ ಈ ಉಪಾಯವು ನಯವಾಯಿತು. ಕೊರಡಿನ ಸ್ಥಳದಲ್ಲಿ ವೃತ್ತದ ಕಾಲುಭಾಗದ ಆಕಾರದ ಹಲಗೆ ಬಂದಿತು. ಅದು ನೀರಿನಲ್ಲಿ ನೆಟ್ಟಗೆ ನಿಲ್ಲಲೆಂದು ಬಾಗಿದ ಅಂಚಿಗೆ ಸೀಸವನ್ನು ತೊಡಿಸಿದರು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು. ಒಬ್ಬನು ಹಗ್ಗದ ರಾಟೆಯನ್ನು ಎತ್ತಿ ಹಿಡಿಯುವನು, ಮತ್ತೊಬ್ಬನು 28 ಸೆಕೆಂಡಿನ ಮರಳು ಗಡಿಯಾರವನ್ನು. ಮರಳು ಸುರಿದು ಮುಗಿಯುವಷ್ಟರಲ್ಲಿ ಎಷ್ಟು ಗಂಟುಗಳು ಕೈಜಾರಿದುವೋ, ಹಡಗು ಗಂಟೆಗೆ ಅಷ್ಟು ಸಮುದ್ರದ ಮೈಲಿ ಹೋಗುತ್ತಿದೆಯೆಂದು ಅರ್ಥ. ಒಂದು ಗಂಟೆಯಲ್ಲಿ 28 ಸೆಕೆಂಡು ಎಷ್ಟನೆಯ ಪಾಲೋ, 6080 ಅಡಿಯ ಸಮುದ್ರದ ಮೈಲಿಯಲ್ಲಿ ಆ 47 ಅಡಿಯೂ ಹೆಚ್ಚು ಕಡಮೆ ಅಷ್ಟನೆಯ ಪಾಲೇ. ಹಡಗು ವಿಮಾನಗಳ ವೇಗವನ್ನು ಇಂದಿಗೂ ‘ನಾಟ್’, ಎಂದರೆ ಗಂಟು, ಎಂಬ ಮಾನದಲ್ಲಿ ಹೇಳುವುದು ಇದರಿಂದಲೇ. ‘ಗಂಟೆಗೆ ಇಪ್ಪತ್ತು ನಾಟ್’ ಎಂದು ಬರೆಯುವುದು ಸರಿಯಲ್ಲ. ಆ ಗಂಟಿನೊಳಗೇ ಗಂಟೆಯು ಸೇರಿಹೋಗಿದೆ.

ಹೀಗೆ ದೊರೆತ ವೇಗವನ್ನೂ ಹಡಗು ಹೋಗುವ ದಿಕ್ಕನ್ನೂ ಗಾಳಿಯನ್ನೂ ಮೊದಲು ಹಲಗೆಯ ಮೇಲೆ ಬಳಪದಿಂದ ಬರೆದು, ಬಳಿಕ ಪುಸ್ತಕಕ್ಕೆ ಏರಿಸುತ್ತಿದ್ದರು. ಅದೇ ಲಾಗ್ ಪುಸ್ತಕ. ನಾಲಗೆಯ ಸೋಮಾರಿತನದಿಂದ ಪುಸ್ತಕವೇ ಲಾಗ್ ಎನಿಸಿತು. ನಕ್ಷೆಯ ಮೇಲೆ ಹಡಗಿನ ನೆಲೆಯನ್ನು ಗುರುತಿಸುವುದಕ್ಕೆ ಈ ಬರಹವೇ ಆಧಾರ. ಆದುದರಿಂದ ಇಲ್ಲಿ ಒಂದಂಕಿ ತಪ್ಪಿದರೆ ಹಡಗು ಬಂಡೆಗೆ ಬಡಿಯುವ ಭಯವಿತ್ತು.

ಕಾಲಕ್ರಮದಲ್ಲಿ ಜನನ ಮರಣಗಳೂ ಅಪರಾಧಗಳೂ ಅದರಲ್ಲಿ ಸೇರಿದುವು. ನಾವಿಕನೊಬ್ಬನನ್ನು ‘ಲಾಗ್ ಮಾಡುವುದು’ ಎಂದರೆ ಅವನ ತಪ್ಪನ್ನು ಅಲ್ಲಿ ದಾಖಲೆ ಮಾಡುವುದು. ಬ್ರಿಟನ್ನಿನ 1894ರ ವರ್ತಕ ನೌಕಾ ಕಾನೂನು ಇದಕ್ಕೊಂದು ಒಳ್ಳೆಯ ಕಟ್ಟನ್ನು ಹಾಕಿತು: ಬರೆದುದನ್ನು ಆ ನಾವಿಕನಿಗೆ ಸ್ಪಷ್ಟವಾಗಿ ಓದಿ ಹೇಳಬೇಕು, ಅವನು ಕೊಡುವ ಉತ್ತರವನ್ನೂ ಬರೆದುಕೊಳ್ಳಬೇಕು. ಅಕ್ಷರ ಬಾರದ ಬಡ ನಾವಿಕನಿಗೆ, ನಡುಗಡಲಿನಲ್ಲಿ ಕಪ್ತಾನನೆದುರು ಇದ್ದ ರಕ್ಷೆಗಳಲ್ಲಿ ಇದೂ ಒಂದು.

ಬರೆದವರು ಹೋದರೂ ಬರಹ ಉಳಿಯುವುದುಂಟು. 1872ರ ಡಿಸೆಂಬರಿನಲ್ಲಿ ‘ಮೇರಿ ಸೆಲೆಸ್ಟ್’ ಎಂಬ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಜನರಿಲ್ಲದೆ ತೇಲುತ್ತಿದ್ದುದನ್ನು ಮತ್ತೊಂದು ಹಡಗಿನವರು ಕಂಡರು. ಕಪ್ತಾನ, ಅವನ ಹೆಂಡತಿ, ಎರಡು ವರ್ಷದ ಮಗಳು, ಏಳು ಮಂದಿ ನಾವಿಕರು, ಯಾರೂ ಇಲ್ಲ; ದೋಣಿಯೂ ಇಲ್ಲ. ಲಾಗ್ ಹಲಗೆ ಮಾತ್ರ ಇದ್ದಿತು. ಅದರಲ್ಲಿ ಕೊನೆಯ ಬರಹ ನವೆಂಬರ್ 25ರ ಬೆಳಗಿನ 8 ಗಂಟೆಯದು: ಹಡಗು ಆಜೋರ್ಸ್ ದ್ವೀಪಗಳಲ್ಲೊಂದಾದ ಸಾಂತಾ ಮರಿಯಾದ ಬಳಿ ಇದೆ ಎಂದು. ಅಷ್ಟೇ. ಆಮೇಲೆ ಕಥೆ ಕಟ್ಟಿದವರು ನೂರಾರು ಮಂದಿ. ನಂಬತಕ್ಕ ಮಾತು ಬಳಪದ ಆ ಒಂದು ಸಾಲಿನಲ್ಲಿಯೇ ನಿಂತಿದೆ.

ಕಡಲಿನಿಂದ ಶಬ್ದವು ನೆಲಕ್ಕೂ ಬಂದಿತು. 1862ರ ನಿಯಮಾವಳಿಯಿಂದ ಇಂಗ್ಲೆಂಡಿನಲ್ಲಿ ಸರಕಾರದ ನೆರವು ಪಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರು ಲಾಗ್ ಪುಸ್ತಕವನ್ನು ಇಡಬೇಕಾಯಿತು. 1960ರ ದಶಕದಲ್ಲಿ ಗಣಕಯಂತ್ರದವರು ‘ಲಾಗಿನ್’ ಎಂದರು: ಬಂದವನು ಹೆಸರು ಹೇಳಿ ದಾಖಲಾಗಿ ಒಳಹೋಗುವುದು. ಗಣಿತದ ‘ಲಾಗ್’ ಮಾತ್ರ ಈ ಕುಲದ್ದಲ್ಲ. ಅದು ಗ್ರೀಕ್ ಮೂಲದ ಲಾಗರಿತಮ್ ಎಂಬುದರ ಮೊಟಕು ರೂಪ.

ಕನ್ನಡದಲ್ಲಿ ಇದನ್ನು ಏನೆನ್ನೋಣ? ದಿನಚರಿ ಎಂದರೆ ರಾತ್ರಿ ದೀಪದ ಮುಂದೆ ಕುಳಿತು, ಬೇಕಾದುದನ್ನು ಬರೆದು ಬೇಡವಾದುದನ್ನು ಬಿಡುವ ಸ್ವಂತದ ಪುಸ್ತಕದ ನೆನಪು ಬರುತ್ತದೆ. ನಮ್ಮ ಅಂಗಡಿಗಳ ‘ಕಿರ್ದಿ’ ಇದಕ್ಕಿಂತ ಹತ್ತಿರದ್ದು. ಅಲ್ಲಿಯೂ ವ್ಯವಹಾರ ನಡೆದ ದಿನವೇ, ನಡೆದ ಕ್ರಮದಲ್ಲಿಯೇ ಬರೆಯಬೇಕು; ನಡುವೆ ಹಾಳೆ ಕೀಳುವಂತಿಲ್ಲ. ಹಡಗಿನ ಕಿರ್ದಿ ಎಂದರೆ ವರ್ತಕರು ನಕ್ಕಾರು. ಆದರೆ ಅರ್ಥ ಮೊದಲು ಆಗುವುದೂ ಅವರಿಗೇ.