ಕಾಲುಂಗುರ ಬಿಗಿಯಾದಾಗ

ಮದುವೆಯ ಮನೆಯಲ್ಲಿ ಮೂರು ದಿನ ನಿಂತೇ ದುಡಿದ ಗೃಹಿಣಿಗೆ ನಾಲ್ಕನೆಯ ದಿನ ಕಾಲುಂಗುರ ಬಿಗಿಯಾಗುತ್ತದೆ. ಪಾದ ಬಾತಿದೆ. ಅತ್ತೆಯವರು ಬಿಸಿನೀರಿಗೆ ಉಪ್ಪು ಹಾಕಿ ಕಾಲನ್ನು ಅದ್ದೆನ್ನುತ್ತಾರೆ. ನೆರೆಮನೆಯಾಕೆ ಇದು ಬರಿಯ ಉಷ್ಣವೆಂದು ತೀರ್ಪಿತ್ತು ಹೋಗುತ್ತಾಳೆ. ರಾತ್ರಿ ಕಾಲಿನ ಕೆಳಗೆ ದಿಂಬಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಬಾವು ಇಳಿದಿರುತ್ತದೆ. ರೈಲಿನಲ್ಲಿ ಕುಳಿತೇ ಕಾಶಿಗೆ ಹೋದ ಯಾತ್ರಿಕರ ಪಾದಗಳ ಕಥೆಯೂ ಬಹುಮಟ್ಟಿಗೆ ಇದೇ. ಕಾಲಿನ ರಕ್ತ ಎದೆಗೆ ಮರಳಬೇಕಾದರೆ ಮೀನಖಂಡದ ಸ್ನಾಯುಗಳು ಅದನ್ನು ಹಿಂಡಿ ಮೇಲಕ್ಕೆ ಕಳುಹಬೇಕು. ಅವು ಸುಮ್ಮನಿದ್ದಾಗ ನೀರಿನಂಶವು ಸೂಕ್ಷ್ಮ ರಕ್ತನಾಳಗಳಿಂದ ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಇದಕ್ಕೆ ಅಂಜಬೇಕಾದುದಿಲ್ಲ.

ಚಪ್ಪರ ಇಳಿಸಿ ಹದಿನೈದು ದಿನಗಳಾದರೂ ಬಾವು ಇಳಿಯದಿದ್ದರೆ ಮಾತು ಬೇರೆ. ಕಣಕಾಲಿನ ಮೇಲೆ, ಮೂಳೆಯ ಮಗ್ಗುಲಲ್ಲಿ, ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿ ಬಿಟ್ಟಾಗ, ಕಲಸಿದ ಹಿಟ್ಟಿನಲ್ಲಿ ಮೂಡುವಂತೆ ಗುಳಿ ಬಿದ್ದು ಹಾಗೆಯೇ ಉಳಿದರೆ ಅಲ್ಲಿ ನೀರು ತುಂಬಿದೆಯೆಂದು ತಿಳಿಯಬಹುದು. ಏಕೆ ತುಂಬಿತೆಂಬುದನ್ನು ಮಾತ್ರ ಆ ಗುಳಿ ಹೇಳಲಾರದು.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಾವಿಗೆಂದೇ ಒಂದು ಅಧ್ಯಾಯವುಂಟು. ಯೂರೋಪಿನಲ್ಲಿಯೂ ಮೈ ಊದಿಕೊಳ್ಳುವುದನ್ನು ಬಹುಕಾಲ ಒಂದು ಸ್ವತಂತ್ರ ವ್ಯಾಧಿಯೆಂದೇ ಎಣಿಸುತ್ತಿದ್ದರು. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ಪ್ರಕಟಿಸಿದ ಗ್ರಂಥವು ಈ ಎಣಿಕೆಯನ್ನು ಅಲುಗಿಸಿತು. ಊದಿಕೊಂಡ ರೋಗಿಯ ಮೂತ್ರವನ್ನು ಚಮಚದಲ್ಲಿ ತೆಗೆದುಕೊಂಡು ಮೇಣದ ಬತ್ತಿಯ ಉರಿಗೆ ಹಿಡಿದರೆ ಅದು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗರಣೆಗಟ್ಟುತ್ತಿತ್ತು. ಅಂಥವರು ತೀರಿಕೊಂಡ ಮೇಲೆ ದೇಹವನ್ನು ಪರೀಕ್ಷಿಸಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದವು. ರಕ್ತದಲ್ಲಿ ಉಳಿಯಬೇಕಾದ ಸಸಾರಜನಕ ಮೂತ್ರದಲ್ಲಿ ಸೋರಿಹೋಗುತ್ತಿತ್ತು. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಶಕ್ತಿ ಅದರೊಡನೆ ಕುಂದುತ್ತಿತ್ತು. ಒಂದು ಚಮಚ, ಒಂದು ಬತ್ತಿ! ಇಂದು ಪ್ರಯೋಗಶಾಲೆಗಳಲ್ಲಿ ಅದೇ ಪರೀಕ್ಷೆ ಕಾಗದದ ಪಟ್ಟಿಯಿಂದ ನಿಮಿಷದಲ್ಲಿ ಮುಗಿಯುತ್ತದೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡು, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ಆ ಪರೀಕ್ಷೆಯನ್ನು ಮುಂದೂಡತಕ್ಕದ್ದಲ್ಲ.

ಹೃದಯ ಸೋತಾಗಲೂ ಪಾದವೇ ಮೊದಲು ದೂರು ಕೊಡುವುದುಂಟು. ಬಾತ ಕಾಲನ್ನು ತೋರಿಸಲು ಬಂದವರನ್ನು ವೈದ್ಯರು, “ರಾತ್ರಿ ಎಷ್ಟು ದಿಂಬು ಬೇಕು?” ಎಂದು ಕೇಳಿದರೆ ರೋಗಿಗೆ ವಿಚಿತ್ರವೆನಿಸಬಹುದು. ಪ್ರಶ್ನೆ ವ್ಯರ್ಥವಲ್ಲ. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವುದು, ಒಂದಿದ್ದ ದಿಂಬು ಎರಡಾಗಿ ಮೂರಾಗುವುದು, ನಡುರಾತ್ರಿ ಎದ್ದು ಕಿಟಕಿಯ ಬಳಿ ಕೂರುವುದು, ಊಟ ಹೆಚ್ಚದಿದ್ದರೂ ಕೆಲವೇ ದಿನಗಳಲ್ಲಿ ತೂಕ ಏರುವುದು, ಇವೆಲ್ಲ ಹೃದಯದ ಕಡೆಗೆ ಬೆರಳು ತೋರುತ್ತವೆ. ಮನೆಯ ಹೆಂಗಸರು ಇಂಥದನ್ನು ವಯಸ್ಸಿನ ಮೇಲೆ ಹಾಕಿ ತಿಂಗಳುಗಟ್ಟಲೆ ಮುಚ್ಚಿಡುವುದು ನಮ್ಮ ಸಂಸಾರಗಳ ದೊಡ್ಡ ದುರಭ್ಯಾಸ. ಕಾಲಿನೊಡನೆ ಹೊಟ್ಟೆಯೂ ಉಬ್ಬಿ ಕಣ್ಣು ಹಳದಿಯಾದರೆ ಯಕೃತ್ತನ್ನು ಪರೀಕ್ಷಿಸಬೇಕು.

ಒಂದೇ ಕಾಲು ಥಟ್ಟನೆ ಊದಿ, ಮೀನಖಂಡ ಬಿಸಿಯಾಗಿ ನೋಯತೊಡಗಿದರೆ, ಅದರಲ್ಲೂ ಶಸ್ತ್ರಚಿಕಿತ್ಸೆ, ಬಾಣಂತಿತನ ಅಥವಾ ದೀರ್ಘ ಪ್ರಯಾಣದ ಬಳಿಕ, ಎಣ್ಣೆ ಹಚ್ಚಿ ತಿಕ್ಕುವ ಪದ್ಧತಿಯನ್ನು ಕೈಬಿಡುವುದು ಲೇಸು. ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಎದೆನೋವು, ಏದುಸಿರು, ಕಫದಲ್ಲಿ ರಕ್ತ ಕಂಡರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಯರ ಪಾದ ಬಾಯುವುದು ಸಹಜವೆಂಬುದು ನಿಜ. ಆದರೆ ಐದು ತಿಂಗಳು ತುಂಬಿದ ಮೇಲೆ ಮುಖ, ಕೈಗಳು ಏಕಾಏಕಿ ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ ರಕ್ತದೊತ್ತಡ ಏರಿರುವ ಸಂಭವವುಂಟು. ಅದನ್ನು ಬಸುರಿಯ ಸಹಜ ಆಯಾಸವೆಂದು ಸಮಾಧಾನ ಹೇಳುತ್ತ ಕೂರುವ ಹೊತ್ತಲ್ಲ ಅದು.

ಅಡುಗೆಯ ಎಣ್ಣೆಯೂ ಒಮ್ಮೊಮ್ಮೆ ಅಪರಾಧಿಯಾದುದುಂಟು. 1998ರಲ್ಲಿ ದೆಹಲಿಯಲ್ಲಿ ಅನೇಕರ ಕಾಲು ಊದಿ, ಹೃದಯ ಸೋತು, ಸುಮಾರು 60 ಮಂದಿ ಸತ್ತರು. ಹಳದಿ ಹೂ ಬಿಡುವ ಮುಳ್ಳೆಲೆಯ ದತ್ತೂರಿಯ ಬೀಜದೆಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತಿತ್ತು.

ಕೊನೆಗೆ ಔಷಧದ ಪೆಟ್ಟಿಗೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಕೆಲವರ ಪಾದವನ್ನು ಊದಿಸುತ್ತದೆ. ನೋವಿನ ಮಾತ್ರೆಗಳೂ ಸ್ಟೀರಾಯ್ಡುಗಳೂ ದೇಹದಲ್ಲಿ ನೀರನ್ನು ತಡೆಹಿಡಿಯಬಲ್ಲವು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಾಗಲಿ, ಪಕ್ಕದ ಮನೆಯ ಹಿರಿಯರಿಗೆ ಬರೆದುಕೊಟ್ಟ ‘ನೀರಿಳಿಸುವ ಮಾತ್ರೆ’ಯನ್ನು ಎರವಲು ತಂದು ನುಂಗುವುದಾಗಲಿ ಸಲ್ಲದು. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.