ಅಗ್ಗದ ಟಿಕೆಟ್ಟು, ಪಾಪುವಿನ ನಿದ್ದೆ

ಡಿಸೆಂಬರಿಗೆ ಊರಿಗೆ ಹೋಗುವವರು ಟಿಕೆಟ್ ಹುಡುಕಲು ಶುರು ಮಾಡಿದ್ದೀರಿ ಅಂತ ಬರುತ್ತಿರುವ ಫೋನುಗಳಿಂದಲೇ ಗೊತ್ತಾಗುತ್ತಿದೆ. ಹೋದ ವಾರ ಫ್ರೂಟ್‌ವೇಲ್ ಕಡೆ ಇರುವ ಗೆಳೆಯರೊಬ್ಬರು ಕೇಳಿದರು: "ಅಣ್ಣಾ, ಒಂದೂವರೆ ವರ್ಷದ ಮಗು ಇದೆ. ರಾತ್ರಿ ಫ್ಲೈಟೇ ಒಳ್ಳೇದಲ್ವಾ?" ಎಲ್ಲರೂ ಹೇಳುವುದು ಅದನ್ನೇ. ನನ್ನ ಉತ್ತರಕ್ಕೆ ಮೊದಲು ನಾವು ಮಾಡಿದ ತಪ್ಪು ಕೇಳಿ.

ಎರಡು ವರ್ಷದ ಹಿಂದೆ, ನಮ್ಮ ಮಗನಿಗೆ ಆಗ 19 ತಿಂಗಳು. 280 ಡಾಲರ್ ಉಳಿಯುತ್ತದೆ ಅಂತ ಎರಡು ಕಡೆ ಇಳಿದು ಹತ್ತುವ ಟಿಕೆಟ್ ತಗೊಂಡೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಳಗ್ಗೆ 6.15ಕ್ಕೆ ಹೊರಡಬೇಕು. ಆ ಹೊತ್ತಿಗೆ ಬಾರ್ಟ್ ಇಲ್ಲ, ಅದು ವಾರದ ದಿನಗಳಲ್ಲೂ ಶುರುವಾಗುವುದು 5ಕ್ಕೆ. ನಾನು ಗೋಡೌನಿನ ಶಿಫ್ಟ್ ಮುಗಿಸಿ ಬಂದವನು ಮಲಗಲೇ ಇಲ್ಲ. ರಾತ್ರಿ 2ಕ್ಕೆ ಪಾಪುವನ್ನು ಎಬ್ಬಿಸಿ ಬಾಡಿಗೆ ಕಾರಿಗೆ ಹಾಕಿದೆವು. ಮೂರು ವಿಮಾನ, ಎರಡು ಕಡೆ ಕಾಯುವಿಕೆ. ಕೊನೆಗೆ ಬೆಂಗಳೂರಿನಲ್ಲಿ ಇಳಿದಾಗ ರಾತ್ರಿ 1.40.

ಕರೆದುಕೊಂಡು ಹೋಗಲು ಅರಸೀಕೆರೆಯಿಂದ ಭಾವ ಬಂದಿದ್ದ. ಹಿಂದಿನ ದಿನವೆಲ್ಲ ತೋಟದಲ್ಲಿ ದುಡಿದು, ಸಂಜೆ ಹೊರಟು ಬಂದು ಏರ್‌ಪೋರ್ಟಿನಲ್ಲಿ ನಿಂತಿದ್ದವನು. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು ದಾಟಿದೆವು. ಕೆ.ಬಿ. ಕ್ರಾಸ್ ಹತ್ತಿರ ಕಾರು ಮೆಲ್ಲಗೆ ಬಲಕ್ಕೆ ವಾಲಿತು. ಎದುರಿನ ಲಾರಿಯವನು ಹಾರನ್ ಒತ್ತದಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿರಲಿಲ್ಲ. ಭಾವನಿಗೆ ಒಂದು ಕ್ಷಣ ಕಣ್ಣು ಹತ್ತಿತ್ತು. ಬೈಯುವುದಕ್ಕೆ ನನಗೆ ಬಾಯಿಲ್ಲ, ಆ ಟೈಮಿನ ಟಿಕೆಟ್ ತಗೊಂಡವನು ನಾನು.

ಮನೆಯಲ್ಲಿ ಅಮ್ಮ ಮೊಮ್ಮಗನನ್ನು ಮೊದಲ ಸಲ ಎತ್ತಿಕೊಳ್ಳಲು ಕಾದಿದ್ದಳು. ಹೆಂಡತಿಗೆ ಸಿಕ್ಕಿದ್ದ ರಜೆಯಲ್ಲಿ ಊರಿನಲ್ಲಿ ಇರಲು ಆಗಿದ್ದು 12 ದಿನ. ಅದರಲ್ಲಿ ಐದು ದಿನ ಪಾಪು ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಆಟ. ಅಮ್ಮ ರಾತ್ರಿ 2 ಗಂಟೆಗೆ ಜಗಲಿಯಲ್ಲಿ ದೀಪ ಹಾಕಿಕೊಂಡು ಅವನ ಜೊತೆ ತೆಂಗಿನಚಿಪ್ಪು ಉರುಳಿಸುತ್ತಾ ಕೂರುತ್ತಿದ್ದಳು. "ಇರ್ಲಿ ಬಿಡೋ, ರಾತ್ರಿಯಾದ್ರೂ ಸಿಕ್ತಾನಲ್ಲ" ಅಂದಳು. ನನಗೆ ಆ 280 ಡಾಲರ್ ನೆನಪಾಯಿತು.

ಈಗ ಲೆಕ್ಕಕ್ಕೆ ಬರೋಣ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಊರು ನಮಗಿಂತ ಹದಿಮೂರೂವರೆ ಗಂಟೆ ಮುಂದೆ, ಉಳಿದ ಕಾಲದಲ್ಲಿ ಹನ್ನೆರಡೂವರೆ. ಮಗುವಿನ ಹೊಟ್ಟೆ, ಕಣ್ಣು ಎರಡೂ ಓಕ್ಲ್ಯಾಂಡಿನ ಗಡಿಯಾರದಲ್ಲೇ ಇರುತ್ತವೆ. ಅದಕ್ಕೇ ಟಿಕೆಟಿನಲ್ಲಿ ಹೊರಡುವ ಹೊತ್ತು ಒಂದನ್ನೇ ನೋಡಬೇಡಿ. ಓಕ್ಲ್ಯಾಂಡಿನ ರಾತ್ರಿ 8ರಿಂದ ಬೆಳಗ್ಗೆ 6ರವರೆಗೆ ನೀವು ಎಲ್ಲಿರುತ್ತೀರಿ ಅಂತ ಗುರುತು ಹಾಕಿ. ಆ ಹತ್ತು ಗಂಟೆಯೊಳಗೆ ವಿಮಾನ ಬದಲಿಸುವುದು ಬಂದರೆ ಅದು ಮಕ್ಕಳಿಗೆ ಆಗದ ಟಿಕೆಟ್.

ಉದಾಹರಣೆಗೆ, ಮಧ್ಯಾಹ್ನ 2.30ಕ್ಕೆ ಹೊರಟು ಫ್ರಾಂಕ್‌ಫರ್ಟ್‌ಗೆ ಹೋದರೆ ಸುಮಾರು 11 ಗಂಟೆ. ಅಲ್ಲಿ ಬೆಳಗ್ಗೆ ಹತ್ತೂವರೆ, ಪಾಪುವಿಗೆ ರಾತ್ರಿ ಒಂದೂವರೆ. ಗಾಢ ನಿದ್ದೆಯಲ್ಲಿರುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬ್ಯಾಗು, ಕ್ಯೂ, ಗೇಟು ಅಂತ ಓಡಬೇಕು. ಅದೇ ಸಂಜೆ 4ಕ್ಕೆ ಹೊರಟು ದುಬೈಗೆ ಹೋದರೆ ಸುಮಾರು 16 ಗಂಟೆ. ಮೊದಲ ನಾಲ್ಕು ಗಂಟೆ ಆಟ, ಊಟ, ಗಲಾಟೆ. ಆಮೇಲೆ ಇಡೀ ರಾತ್ರಿ ಆಕಾಶದಲ್ಲೇ ಕಳೆಯುತ್ತದೆ. ಇಳಿದಾಗ ಪಾಪುವಿಗೆ ಬೆಳಗ್ಗೆ 8. ಸಿಂಗಾಪುರ, ಹಾಂಗ್‌ಕಾಂಗ್ ದಾರಿಯ ಉದ್ದ ಹಾರಾಟಕ್ಕೂ ಇದೇ ಲೆಕ್ಕ. ತೀರಾ ತಡರಾತ್ರಿ, 12 ದಾಟಿ ಹೊರಡುವುದು ನನಗೆ ಇಷ್ಟವಿಲ್ಲ. ಎಂಟಕ್ಕೆ ಮಲಗುವ ಮಗು ಸೆಕ್ಯೂರಿಟಿ ಕ್ಯೂನಲ್ಲೇ ರಂಪ ಮಾಡುತ್ತದೆ. ವಿಮಾನ ಏರಿ ಮಲಗಿತು ಅನ್ನುವಷ್ಟರಲ್ಲಿ ಊಟದ ಗಾಡಿ ಬರುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಇಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡಿತ್ತು, 17 ಗಂಟೆ ಆಸುಪಾಸಿನದು. ಆ ಮಾರ್ಗ ನಡುವೆ ನಿಂತು ಮತ್ತೆ ಶುರುವಾದದ್ದೂ ಉಂಟು. ನೀವು ಹೊರಡುವ ತಿಂಗಳಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಬೆಂಗಳೂರಿಗೆ ಇಳಿಯುವ ಹೊತ್ತು ಮಾತ್ರ ಬೆಳಗಿನ ಜಾವ 3.30ರಿಂದ 6ರ ನಡುವೆ ಸಿಕ್ಕಿದರೆ ಬಿಡಬೇಡಿ. ಇಮಿಗ್ರೇಶನ್, ಸಾಮಾನು ಮುಗಿಸಿ ಹೊರಗೆ ಬರುವಾಗ ಬೆಳಕು ಹರಿಯುವ ಹೊತ್ತು ಹತ್ತಿರವಾಗಿರುತ್ತದೆ. ಡ್ರೈವರ್ ಒಂದು ರಾತ್ರಿಯಾದರೂ ಅರ್ಧ ಮಲಗಿರುತ್ತಾನೆ. ನಡುರಾತ್ರಿ ಇಳಿಯುವುದೇ ಆದರೆ ದೂರದ ಊರಿನವರು ದೇವನಹಳ್ಳಿ ಕಡೆ ಒಂದು ರೂಮು ಮಾಡಿ ಬೆಳಗ್ಗೆ ಹೊರಡಿ. ಮನೆ ಸೇರಿದ ಮೇಲೆ ಮಗುವಿಗೆ ಬಿಸಿಲು ತೋರಿಸಿ. ಹಗಲು ನಿದ್ದೆ ಎರಡು ಗಂಟೆಗೆ ಮೀರಿದರೆ ಎಬ್ಬಿಸಿ, ಅಳುತ್ತದೆ, ಅಳಲಿ. ನಿದ್ದೆ ಬರಲಿ ಅಂತ ಡಾಕ್ಟರನ್ನು ಕೇಳದೆ ಯಾವ ಸಿರಪ್ಪನ್ನೂ ಕುಡಿಸಬೇಡಿ.

ಎರಡು ತಾರೀಖಿನ ತಾಪತ್ರಯ ಇವೆ. ವಾಪಸ್ ಬರುವಾಗ ಟಿಕೆಟಿನಲ್ಲಿ 15ನೇ ತಾರೀಖು ರಾತ್ರಿ 1.30 ಅಂತಿದ್ದರೆ ಮನೆ ಬಿಡಬೇಕಾದ್ದು 14ರ ಸಂಜೆ. ಇದನ್ನು ಅಡುಗೆಮನೆ ಕ್ಯಾಲೆಂಡರಿನಲ್ಲೇ ಬರೆದಿಡಿ, ಏಕೆಂದರೆ 15ರ ಸಂಜೆ ಸೂಟ್‌ಕೇಸ್ ಕಟ್ಟಿದವರನ್ನು ನಾನು ಬಲ್ಲೆ. ಇನ್ನೊಂದು, ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು, ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗ ಆಗುತ್ತದೆ. ಊರಿನಲ್ಲಿದ್ದಾಗಲೇ ಎರಡು ತುಂಬಿದರೆ ವಾಪಸ್ ಬರಲು ಬೇರೆ ಸೀಟು ಬೇಕು. ಗೋಡೆಗೆ ತಗುಲಿಸುವ ತೊಟ್ಟಿಲು ಬೇಕಿದ್ದರೆ ಟಿಕೆಟ್ ತಗೊಂಡ ದಿನವೇ ಫೋನ್ ಮಾಡಿ ಕೇಳಿ. ತೂಕದ ಮಿತಿ ಒಂದೊಂದು ಕಂಪನಿಗೆ ಒಂದೊಂದು.

ಈ ಸಲ ನಾವು ಸಂಜೆ ಹೊರಡುತ್ತಿದ್ದೇವೆ, ಒಂದೇ ಕಡೆ ಇಳಿದು ಹತ್ತುವುದು, ನಡುವೆ ಮೂರು ಗಂಟೆ. ಬಾರ್ಟಿನಲ್ಲೇ ಹೋಗುತ್ತೇವೆ, ಸೇತುವೆ ಮೇಲಿನ ಟ್ರಾಫಿಕ್ಕಿನಲ್ಲಿ ಮಗುವನ್ನು ಸಂಭಾಳಿಸುವುದು ಬೇಡ. ಈ ಸಲದ್ದು ಮಗಳು, 14 ತಿಂಗಳು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ: ಬೆಳಗಿನ ಜಾವ ಇಳೀತೀವಿ, ಭಾವನಿಗೆ ಚೆನ್ನಾಗಿ ಮಲಗಿ ಬರೋಕೆ ಹೇಳು. ಅಮ್ಮ, "ಅದು ಸರಿ, ಆದ್ರೂ ಮೊದಲ್ನೇ ರಾತ್ರಿಗೆ ಅಂತ ರಾಗಿಸರಿ ಮಾಡಿಟ್ಟಿರ್ತೀನಿ" ಅಂದಳು. ತೆಂಗಿನಚಿಪ್ಪನ್ನು ಆಗಲೇ ನುಣ್ಣಗೆ ಉಜ್ಜಿಟ್ಟಿದ್ದಾಳಂತೆ.